ಎರಡನೆಯ ತಾಂಬೂಲ

ಮಹಾಲಿಂಗಯ್ಯನನ್ನು ಕೊಟ್ಟು ಬೆಟ್ಟಯ್ಯನನ್ನು ತಂದುಕೊಂಡದ್ದು ಶುದ್ಧ ತಪ್ಪು ಎಂದು ಇಡೀ ಗುಬ್ಬಿಯಲ್ಲಿ ಬಾಯಿಬಿಟ್ಟು ಹೇಳಿದವಳು ನಾನೊಬ್ಬಳೇ.

ಅದು ಎಪ್ಪತ್ತೊಂಬತ್ತನೇ ಇಸವಿ. ನಮ್ಮ ಸುತ್ತಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬುಗಳಲ್ಲಿ ಒಂದು ಪದ್ಧತಿ ಇತ್ತು. ಒಂದು ಊರಿನ ಆಟಗಾರ ಇನ್ನೊಂದು ಊರಿಗೆ ಹೋಗಬೇಕಾದರೆ, ಕೇಳುವ ಕ್ಲಬ್ಬಿನವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬರಬೇಕು. ಬದಲಿಗೆ ಯಾರನ್ನು ಕೊಡುತ್ತೇವೆ ಎಂದು ಎಲ್ಲರೆದುರು ಹೇಳಬೇಕು. ಹೋಗುವವನು ಆ ತಟ್ಟೆ ಮುಟ್ಟಬೇಕು. ಮುಟ್ಟಿದನೋ, ಮುಗಿಯಿತು. ಗೊತ್ತಾದ ಮದುವೆ ಮುರಿದದ್ದುಂಟು, ಕ್ಲಬ್ಬಿನ ತಾಂಬೂಲ ಮುರಿದವರಿಲ್ಲ.

ಮಹಾಲಿಂಗಯ್ಯ ನಮ್ಮ ಶೂಟರ್. ಎಲ್ಲಿಂದ ಎಸೆದರೂ ಬಾಲು ರಿಂಗಿನೊಳಗೇ ಇಳಿಯುತ್ತಿತ್ತು. ಅಂಥವನನ್ನು ಕುಣಿಗಲ್ಲಿಗೆ ಕೊಟ್ಟು, ಅಲ್ಲಿಯ ಕುದುರೆ ಫಾರಮ್ಮಿನಲ್ಲಿ ಕೆಲಸಕ್ಕಿದ್ದ ಯಾವನೋ ಉದ್ದನೆಯವನನ್ನು ತಂದರು ಎಂದು ಕೇಳಿ ನನಗೆ ಎರಡು ಹೊತ್ತು ಊಟ ಸೇರಲಿಲ್ಲ.

"ನಿಂಗ್ಯಾಕೆ ಅಷ್ಟು ಉರಿ ಕಣವ್ವ? ಆಡೋರು ಅವ್ರು, ಕೊಡೋರು ಅವ್ರು," ಅಂದರು ಅಪ್ಪ.

ಅಪ್ಪ ಚೌಡಪ್ಪನವರದು ಗ್ರೌಂಡಿನ ಪಕ್ಕದಲ್ಲೇ ಸೈಕಲ್ ಶಾಪು. ಕ್ಲಬ್ಬಿನ ಬಾಲು ಪಂಕ್ಚರ್ ಆದರೆ ಅಲ್ಲಿಗೇ ಬರುತ್ತಿತ್ತು. ಬ್ಲಾಡರ್ ಹೊರಗೆಳೆದು, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವ ಕಡೆ ಪ್ಯಾಚು ಹಾಕಿ, ಗಾಳಿ ತುಂಬಿ ಲೇಸು ಬಿಗಿಯುವುದು ನನ್ನ ಕೆಲಸ. ಆಡದೇ ಹೋದರೇನು, ಅವರು ಎಸೆದ ಪ್ರತಿ ಬಾಲಿನೊಳಗೂ ಇದ್ದದ್ದು ನಾನು ತುಂಬಿದ ಗಾಳಿ.

"ಅಪ್ಪಾ, ಗಾಳಿ ತುಂಬೋಳ್ಗೆ ಉರಿಯೋಕೂ ಹಕ್ಕೈತೆ," ಅಂದೆ.

*

ಮಾರನೆಯ ಭಾನುವಾರ ರಿಂಗಿನ ನೆಟ್ಟು ಕಳಚಿ ಒಂದು ಕಡೆಗೆ ಜೋತಾಡುತ್ತಿತ್ತು. ಅಪ್ಪನ ಸ್ಟೂಲು ತಂದು ಹತ್ತಿದೆ. ಕೈ ಎಟುಕಲಿಲ್ಲ, ಇನ್ನೂ ಒಂದು ಮೊಳ ಬೇಕಿತ್ತು. ಬೇಲಿಯ ಹತ್ತಿರ ಒಬ್ಬ ಉದ್ದನೆಯ ಆಳು ನಿಂತು ನನ್ನ ಕಷ್ಟವನ್ನೇ ನೋಡುತ್ತಿದ್ದ.

"ರೀ, ದೇವ್ರು ಅಷ್ಟುದ್ದ ಕೊಟ್ಟವ್ನೆ, ಸುಮ್ನೆ ನೋಡ್ತಾ ನಿಂತಿದೀರಲ್ಲ. ಬನ್ನಿ ಒಂಚೂರು," ಅಂದೆ.

ಬಂದ. ಸ್ಟೂಲು ಹತ್ತಿದ. ಕೈ ಚಾಚಿದ ತಕ್ಷಣ ರಿಂಗು ಸಿಕ್ಕಿತು. ಸ್ಟೂಲು ಅಲುಗದಂತೆ ನಾನು ಹಿಡಿದುಕೊಂಡೆ. ಅವನ ಬಟ್ಟೆಯಲ್ಲಿ ಹಸಿ ಹುಲ್ಲಿನ ವಾಸನೆ ಇತ್ತು.

"ನಿಮ್ಮಂಥೋರು ಊರಲ್ಲೇ ಇದ್ರೂ ನಮ್ಮೋರ ಕಣ್ಣಿಗೆ ಬೀಳಲ್ಲ. ಕುಣಿಗಲ್‌ನಿಂದ ಅದ್ಯಾರೋ ಬೆಟ್ಟಯ್ಯನ್ನ ತಂದವ್ರೆ."

"ಚೆನ್ನಾಗಿ ಆಡಲ್ವಾ?" ಮೇಲಿನಿಂದ ಕೇಳಿದ.

"ನೋಡ್ಬಂದೋರು ಹೇಳವ್ರೆ. ಬಾಲ್ ಸಿಕ್ರೆ ಕೂಸು ತಬ್ಬಿಕೊಂಡಂಗೆ ತಬ್ಬಿಕೊಂಡು ನಿಂತ್ಕತಾನಂತೆ. ಫ್ರೀ ಥ್ರೋ ಕೊಟ್ರೆ ಕೈ ನಡುಗ್ತದಂತೆ. ರಿಂಗಿನ ಕೆಳಗೆ ಪಿವೋಟ್ ಅಂತ ಕಂಬ ನೆಟ್ರೆ ಸೆಮಿಫೈನಲ್‌ಗೆ ಹೋಗೋಕಾಗ್ತದಾ?"

"ಇನ್ನೊಂದು ಗಂಟು ಹಾಕ್ಲಾ?"

"ಹಾಕಿ. ನಿಮ್ಮ ಹೆಸ್ರೇನು?"

ಅವನು ಗಂಟು ಬಿಗಿದ. ಎಳೆದು ನೋಡಿದ. ಆಮೇಲೆ ಕೆಳಗೆ ನನ್ನ ಕಡೆ ನೋಡಿ ನಿಧಾನವಾಗಿ ಹೇಳಿದ:

"ಬೆಟ್ಟಯ್ಯ. ಸ್ಟೂಲ್ ಬುಟ್ಟುಬುಡಬೇಡಿ. ನಾನು ಬಿದ್ರೆ ಬದ್ಲಿ ಕೊಡೋಕೆ ನಿಮ್ಮೂರಲ್ಲಿ ಇನ್ನೊಬ್ಬ ಮಹಾಲಿಂಗಯ್ಯ ಇಲ್ಲ."

ನಾನು ಸ್ಟೂಲು ಬಿಡಲಿಲ್ಲ. ತಲೆಯನ್ನೂ ಎತ್ತಲಿಲ್ಲ.

*

ನಮ್ಮ ಲೀಗಿನ ಲೆಕ್ಕ ಸರಳ. ಮೇಲಿನ ನಾಲ್ಕು ಟೀಮು ತುಮಕೂರಿನಲ್ಲಿ ಸೆಮಿಫೈನಲ್ ಆಡುತ್ತವೆ. ಗುಬ್ಬಿ ಒಮ್ಮೆಯೂ ಆ ನಾಲ್ಕರಲ್ಲಿ ಇದ್ದದ್ದಿಲ್ಲ. ಪ್ರತಿ ವರ್ಷ ಕೊನೆಯ ಪಂದ್ಯದ ತನಕ ಆಸೆ ಹುಟ್ಟಿಸಿ, ಅಲ್ಲಿ ಕೈಕೊಡುವುದು ನಮ್ಮವರ ಅಭ್ಯಾಸ.

ಆ ವರ್ಷ ನಾಲ್ಕರೊಳಗೆ ಬರಲೇಬೇಕು ಎಂದು ನಾನು ತೀರ್ಮಾನ ಮಾಡಿದ್ದೆ. ನನ್ನ ತೀರ್ಮಾನ ಆಟಗಾರರಿಗೆ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಬೆಟ್ಟಯ್ಯ ಭಾನುವಾರ ಮಾತ್ರ ಬರುತ್ತಿದ್ದ. ಕುಣಿಗಲ್ಲಿನಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಗುಬ್ಬಿಗೆ ಇನ್ನೊಂದು. ಇಳಿದವನು ಆಟ ಶುರುವಾಗುವ ಮೊದಲು ಕ್ಲಬ್ಬಿನ ಬಾಲು ಹಿಡಿದುಕೊಂಡು ಶಾಪಿಗೆ ಬರುತ್ತಿದ್ದ.

"ಗಾಳಿ ಕಮ್ಮಿ ಐತೇನೋ ನೋಡಿ."

ನಾನು ಹೆಬ್ಬೆಟ್ಟಿನಿಂದ ಒತ್ತಿ ನೋಡುತ್ತಿದ್ದೆ. ಅವನೂ ಆ ಕಡೆಯಿಂದ ಒತ್ತುತ್ತಿದ್ದ. ನಡುವೆ ಬಾಲು; ಈ ಕಡೆ ನನ್ನ ಬೆರಳು, ಆ ಕಡೆ ಅವನದು.

"ಸರಿಯಾಗೈತಲ್ಲ," ಅನ್ನುತ್ತಿದ್ದೆ.

"ಹೌದಾ? ನಂಗೇನೋ ಕಮ್ಮಿ ಅನ್ನಿಸ್ತು."

"ದಿನಾ ನೂರು ಕುದುರೆ ನೋಡ್ತೀರಿ, ಒಂದು ಬಾಲ್ ನೋಡೋಕೆ ಬರಲ್ವಾ?"

"ಕುದುರೆ ನೋಡೋಕೆ ಬರ್ತದೆ. ಬಾಲ್ ನೋಡೋಕೆ ನಿಮ್ಮ ಹತ್ರಾನೇ ಬರ್ಬೇಕು."

ಅಪ್ಪ ಚಕ್ರ ತಿರುಗಿಸುತ್ತಾ ಕೆಮ್ಮುತ್ತಿದ್ದರು. ಅವರಿಗೆ ಕೆಮ್ಮು ಇರಲಿಲ್ಲ.

ಆಟದಲ್ಲಿ ಅವನು ಜನ ಹೇಳಿದಷ್ಟು ಕೆಟ್ಟವನಲ್ಲ ಎಂಬುದು ಬೇಗ ತಿಳಿಯಿತು. ರಿಂಗಿನ ಕೆಳಗೆ ನಿಂತನೆಂದರೆ ಎದುರಿನವರಿಗೆ ದಾರಿ ಇರಲಿಲ್ಲ. ಕೊತ್ತಗೆರೆ ಟೀಮಿನವರು ಕಬಡ್ಡಿ ಆಡುವಂತೆ ಮೈಮೇಲೆ ಬಿದ್ದರೂ ಅಲುಗಲಿಲ್ಲ. ಫ್ರೀ ಥ್ರೋ ಮಾತ್ರ ಜನ ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಗೆರೆಯ ಹಿಂದೆ ಒಬ್ಬನೇ ನಿಂತು, ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ, ಅವನ ಕೈ ನಿಜವಾಗಿಯೂ ನಡುಗುತ್ತಿತ್ತು.

ಒಂದು ದಿನ ಪ್ರಾಕ್ಟೀಸು ಮುಗಿದ ಮೇಲೆ ಅವನೊಬ್ಬನೇ ಎಸೆಯುತ್ತಿದ್ದ. ಹೊರಗೆ ಬಿದ್ದ ಬಾಲು ಉರುಳಿ ನನ್ನ ಕಾಲ ಹತ್ತಿರ ಬಂತು. ನಾನು ಕೊಡಲಿಲ್ಲ.

"ಫಾರಮ್ಮಿನಲ್ಲಿ ಕುದುರೆ ಹೆದರಿದ್ರೆ ಏನ್ಮಾಡ್ತೀರಿ?"

"ಹತ್ರ ನಿಂತ್ಕೊಂಡು ನಿಧಾನಕ್ಕೆ ಉಸಿರು ಬುಡ್ತೀನಿ. ಅದೂ ಬುಡ್ತದೆ. ಆಮೇಲೆ ಕುತ್ತಿಗೆ ಮೇಲೆ ಕೈ ಇಡ್ತೀನಿ."

"ಹಂಗಾದ್ರೆ ಇದ್ಕೂ ಹಂಗೇ ಮಾಡಿ."

"ಬಾಲ್‌ಗಾ?"

"ನಿಮ್ಗೆ. ಹೆದರಿರೋದು ಬಾಲ್ ಅಲ್ಲ."

ಅವನು ನನ್ನನ್ನೇ ನೋಡಿದ. ಬಾಲು ಕೊಟ್ಟೆ. ಗೆರೆಗೆ ಹೋಗಿ ನಿಂತು ಬಾಲಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಹೆಗಲು ಇಳಿಯಿತು. ಎಸೆದ. ನಾವಿಬ್ಬರೂ ಸೇರಿ ಕಟ್ಟಿದ ನೆಟ್ಟಿನೊಳಗಿಂದ ಬಾಲು ಸದ್ದಿಲ್ಲದೆ ಇಳಿಯಿತು.

"ಹೊಂಬಾಳೆ," ಅಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಪಂಪು ಎತ್ತಿಕೊಂಡು ಶಾಪಿನೊಳಗೆ ಹೋದೆ. ತುಂಬುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

*

ಲೀಗಿನ ಕೊನೆಯ ಪಂದ್ಯ ನಮ್ಮ ಗ್ರೌಂಡಿನಲ್ಲೇ, ಕುಣಿಗಲ್ ಮೇಲೆ. ಗೆದ್ದರೆ ತುಮಕೂರು. ನಮ್ಮ ಮಹಾಲಿಂಗಯ್ಯ ಅವರ ಬನಿಯನ್ನು ತೊಟ್ಟು ಬಂದು ನಮ್ಮ ಮೇಲೆಯೇ ಒಂದರ ಹಿಂದೊಂದು ಬ್ಯಾಸ್ಕೆಟ್ ಹಾಕುತ್ತಿದ್ದ.

"ನಾನು ಹೇಳ್ಲಿಲ್ವಾ?" ಎಂದು ಕ್ಲಬ್ಬಿನ ಪ್ರೆಸಿಡೆಂಟ್ ಶಿವರಾಮಯ್ಯನವರಿಗೆ ಕೇಳಿಸುವಂತೆ ಹೇಳಿದೆ.

"ನೀನು ಹೇಳ್ದೇ ಇರೋದು ಯಾವುದೈತವ್ವ," ಅಂದರು ಅವರು.

ಕೊನೆಗೆ ಎರಡೂ ಕಡೆ ಸಮ ಇದ್ದಾಗ ಬೆಟ್ಟಯ್ಯನಿಗೆ ಫ್ರೀ ಥ್ರೋ ಸಿಕ್ಕಿತು. ಅವನು ಬಾಲಿನ ಮೇಲೆ ಅಂಗೈ ಇಟ್ಟ. ಉಸಿರು ಬಿಟ್ಟ. ಬೇಲಿಯ ಈಚೆ ನಾನೂ ಬಿಟ್ಟೆ.

ಗುಬ್ಬಿ ಸೆಮಿಫೈನಲ್ ಸೇರಿತು.

ಆ ಸಂಭ್ರಮ ಮೂರು ದಿನಕ್ಕೇ ಮುಗಿಯಿತು. ಬುಧವಾರ, ಭಾನುವಾರವಲ್ಲದ ದಿನ, ಬೆಟ್ಟಯ್ಯ ಶಾಪಿನ ಮುಂದೆ ನಿಂತಿದ್ದ. ಕೈಯಲ್ಲಿ ಬಾಲಿರಲಿಲ್ಲ.

"ತುಮಕೂರಿನ ಕಾರ್ಖಾನೆ ಟೀಮಿನೋರು ಬಂದಿದ್ರು. ಸೆಮಿಫೈನಲ್ ಆದ ತಕ್ಷಣ ಅಲ್ಲೇ ತಾಂಬೂಲ ಇಡ್ತಾರಂತೆ. ಕಾರ್ಖಾನೇಲಿ ಪರ್ಮನೆಂಟ್ ಕೆಲ್ಸನೂ ಕೊಡ್ತಾರಂತೆ. ನಮ್ಮವ್ವನೂ ಅವತ್ತು ಆಟ ನೋಡೋಕೆ ಬರ್ತವ್ಳೆ."

ಕಾರ್ಖಾನೆ ಟೀಮು ಎಂದರೆ ಎಲ್ಲರಿಗೂ ಹೊಸ ಶೂಸು, ವಾರವೆಲ್ಲ ಪ್ರಾಕ್ಟೀಸು, ಭಾನುವಾರ ಬೇರೆ ಬೇರೆ ಊರಿನಲ್ಲಿ ಪಂದ್ಯ. ಗುಬ್ಬಿಯ ಬಸ್ಸು ಹತ್ತುವುದಕ್ಕೆ ಅವನಿಗೆ ಕಾರಣವೇ ಉಳಿಯುವುದಿಲ್ಲ.

"ಒಳ್ಳೇದಲ್ವಾ," ಅಂದೆ.

"ನೀವು ಬ್ಯಾಡ ಅನ್ನಿ. ತಟ್ಟೆ ಮುಟ್ಟಲ್ಲ ನಾನು."

ಅಷ್ಟು ಸುಲಭವಾಗಿ ಹೇಳಿಬಿಟ್ಟ. ಒಂದು ಮಾತು ಸಾಕಿತ್ತು. ಪ್ರತಿ ಭಾನುವಾರವೂ ನನ್ನದಾಗುತ್ತಿತ್ತು. ನಮ್ಮ ಪಿವೋಟ್ ನಮ್ಮಲ್ಲೇ ಉಳಿಯುತ್ತಿದ್ದ. ಅವನು ಮಾತ್ರ ಇನ್ನೊಬ್ಬರ ಕುದುರೆಗೆ ಹುಲ್ಲು ಹಾಕುತ್ತಾ, ಯಾವಾಗ ಬೇಕಾದರೂ ಬೇಡ ಎನ್ನಿಸಿಕೊಳ್ಳಬಹುದಾದ ಕೂಲಿಯಲ್ಲಿ ಇರುತ್ತಿದ್ದ.

"ಸೆಮಿಫೈನಲ್ ಮುಗಿಯೋ ಗಂಟ ನೀವು ಗುಬ್ಬಿಯೋರು. ಮೊದ್ಲು ಅದನ್ನ ಆಡಿ. ಆಮೇಲೆ ಹೇಳ್ತೀನಿ," ಅಂದೆ.

"ನಾನು ಕೇಳ್ತಿರೋದು ಟೀಮಿನ ಮಾತಲ್ಲ ಹೊಂಬಾಳೆ."

"ಗೊತ್ತು ನಂಗೆ."

ಅವನು ಹೋದ ಮೇಲೆ ಬಹಳ ಹೊತ್ತು ಒಂದೇ ಟ್ಯೂಬಿಗೆ ಗಾಳಿ ಹೊಡೆಯುತ್ತಾ ಕೂತಿದ್ದೆ. ಅದು ಒಡೆದ ಸದ್ದಿಗೆ ಅಪ್ಪ ಬೆಚ್ಚಿಬಿದ್ದರು. ಅಷ್ಟರಲ್ಲಿ ನಾನು ಇನ್ನೊಂದು ತೀರ್ಮಾನ ಮಾಡಿದ್ದೆ.

*

ತುಮಕೂರಿಗೆ ಹೊರಟ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಬಟ್ಟೆಯ ಚೀಲ ಇತ್ತು.

"ಚೀಲದಲ್ಲಿ ಏನವ್ವ?" ಅಪ್ಪ ಕೇಳಿದರು.

"ಪಂಪು."

"ಪಂಪಿಗೆ ವೀಳ್ಯದೆಲೆ ವಾಸನೆ ಬರ್ತದಾ?"

ನಾನು ಕಿಟಕಿಯಾಚೆ ನೋಡಿದೆ.

ಸೆಮಿಫೈನಲ್ ಆ ಕಾರ್ಖಾನೆ ಟೀಮಿನ ಮೇಲೆಯೇ. ಬೆಟ್ಟಯ್ಯ ಆಡಿದ ಆಟವನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ತನ್ನನ್ನು ಕೊಂಡೊಯ್ಯಲು ಬಂದವರನ್ನು ರಿಂಗಿನ ಹತ್ತಿರ ಸುಳಿಯಗೊಡಲಿಲ್ಲ. ಫ್ರೀ ಥ್ರೋ ಒಂದೂ ತಪ್ಪಲಿಲ್ಲ. ಆದರೂ ಸೋತೆವು, ಒಂದೇ ಒಂದು ಬ್ಯಾಸ್ಕೆಟ್‌ನಲ್ಲಿ. ದೂರದಿಂದ ಹಾಕುವವನೊಬ್ಬ ಇದ್ದಿದ್ದರೆ ಎಂದು ನಾನು ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಬೆವರು ಆರುವ ಮೊದಲೇ ಗ್ರೌಂಡಿನ ಮೆಟ್ಟಿಲ ಮೇಲೆ ತಾಂಬೂಲ ಬಂತು. ಹಿತ್ತಾಳೆ ತಟ್ಟೆ, ಕಟ್ಟು ಎಲೆ, ತೆಂಗಿನಕಾಯಿ. ಕಾರ್ಖಾನೆ ಟೀಮಿನ ಮ್ಯಾನೇಜರು ಕೈ ಮುಗಿದರು.

"ನಿಮ್ಮ ಪಿವೋಟ್‌ನ ನಮಗೆ ಕೊಡಿ. ಬದಲಿಗೆ ನಮ್ಮಿಂದ ಇಬ್ಬರು ಶೂಟರ್ ಗುಬ್ಬಿಗೆ ಬರ್ತಾರೆ."

ಶಿವರಾಮಯ್ಯನವರು ಬೆಟ್ಟಯ್ಯನನ್ನು ನೋಡಿದರು. ಬೆಟ್ಟಯ್ಯ ನನ್ನನ್ನು ನೋಡಿದ. ಕೈ ಕಟ್ಟಿಕೊಂಡೇ ನಿಂತಿದ್ದ.

ನಾನು ಗಂಡಸರ ನಡುವೆ ಹೋಗಿ ನಿಂತೆ.

"ಹೆಂಗಸರು ಮಾತಾಡೋ ಜಾಗ ಅಲ್ಲ ಕಣವ್ವ ಇದು," ಯಾರೋ ಅಂದರು.

"ಬಾಲ್‌ಗೆ ಗಾಳಿ ತುಂಬೋವಾಗ ಯಾರೂ ಹಂಗನ್ನಲಿಲ್ಲ," ಅಂದೆ. ಆಮೇಲೆ ಶಿವರಾಮಯ್ಯನವರ ಕಡೆ ತಿರುಗಿದೆ. "ಕೊಟ್ಟುಬುಡಿ ಸಾರ್. ಅವ್ರಲ್ಲಿ ಹೊರಗಿಂದ ಹಾಕೋರು ತುಂಬ ಅವ್ರೆ, ರಿಂಗಿನ ಕೆಳಗೆ ಯಾರೂ ಇಲ್ಲ. ಇವ್ರು ಹೋದ್ರೆ ಆ ಟೀಮು ಸ್ಟೇಟ್ ಆಡ್ತದೆ. ನಮಗೆ ಶೂಟರ್ ಬೇಕು, ಅದೂ ಸಿಗ್ತದೆ. ಇಷ್ಟು ಒಳ್ಳೆ ಆಟಗಾರನ್ನ ಭಾನುವಾರಕ್ಕೆ ಮಾತ್ರ ಇಟ್ಕೊಳ್ಳೋದು ನ್ಯಾಯ ಅಲ್ಲ." ಕೊನೆಗೆ ಅವನಿಗೆ ಹೇಳಿದೆ: "ಮುಟ್ಟಿ."

ಬೆಟ್ಟಯ್ಯನ ಮುಖ ಸಪ್ಪಗಾಯಿತು. ಆದರೂ ನನ್ನ ಮಾತಿಗೆ ಬಗ್ಗಿ, ಎರಡು ಬೆರಳಿನಿಂದ ತಟ್ಟೆಯ ಅಂಚು ಮುಟ್ಟಿದ. ಸುತ್ತಲೂ ಚಪ್ಪಾಳೆ ಬಿತ್ತು. ಅವನು ತಲೆ ಎತ್ತಲಿಲ್ಲ.

ನಾನು ಅಲ್ಲಿ ನಿಲ್ಲಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಬಿಳಿ ಸೆರಗು ಹೊದ್ದ ಒಬ್ಬರು ಕೂತಿದ್ದರು. ಬೆಟ್ಟಯ್ಯನ ತಾಯಿ ಸಿದ್ದಗಂಗಮ್ಮ. ಮಗನ ಆಟ ನೋಡಲು ಹುಲಿಯೂರುದುರ್ಗದಿಂದ ಅದೇ ಮೊದಲ ಸಲ ಬಂದಿದ್ದರು. ಅವರ ಮುಂದೆ ಕೂತು ಚೀಲ ಬಿಚ್ಚಿದೆ. ತಟ್ಟೆ ತರುವುದನ್ನು ಮರೆತಿದ್ದೆ. ಅಪ್ಪನ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು, ಅದರಲ್ಲಿ ಎಲೆ ಅಡಿಕೆ ಜೋಡಿಸಿ ಇಟ್ಟೆ. ಅಂಗೈಯನ್ನು ಮುಚ್ಚಳದ ಮೇಲೆ ಇಟ್ಟು ಉಸಿರು ಬಿಟ್ಟೆ.

"ಇದೇನವ್ವ?" ಅಂದರು ಅವರು.

"ಕೇಳೋಕೆ ಬಂದಿದೀನಿ ಕಣಮ್ಮ. ಆಟಗಾರನ್ನ ತುಮಕೂರಿನೋರು ತಗೊಂಡ್ರು. ಮಗನ್ನ ನಂಗೆ ಕೊಡಿ."

ಕೆಳಗೆ ಚಪ್ಪಾಳೆ ನಿಂತಿತ್ತು. ಎಲ್ಲರೂ ಈ ಕಡೆ ತಿರುಗಿದ್ದರು. ಸಿದ್ದಗಂಗಮ್ಮ ನನ್ನನ್ನು ನೆತ್ತಿಯಿಂದ ಪಾದದವರೆಗೂ ನೋಡಿದರು.

"ಪದ್ಧತಿ ಐತಲ್ಲ. ಬದ್ಲಿಗೆ ಯಾರ್ನ ಕೊಡ್ತೀಯ?"

"ನನ್ನೇ."

"ಅವ್ನ ಕೈ ನಡುಕ ನಿಲ್ಸಿದೋಳು ನೀನೇನಾ?"

"ನಿಲ್ಸಿದ್ದು ಅವ್ರೇ. ನಾನು ಬಾಲ್ ಹಿಡ್ಕೊಂಡಿದ್ದೆ ಅಷ್ಟೆ."

ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಒಂದು ಎಲೆ ಎತ್ತಿಕೊಂಡು, ಅದರ ತೊಟ್ಟು ಮುರಿದು, ಮಡಿಲಲ್ಲಿ ಇಟ್ಟುಕೊಂಡರು. "ಮುಟ್ಬೇಕಾದೋನ್ನ ಕರಿ ಮತ್ತೆ," ಅಂದರು.

ಕರೆಯಬೇಕಾಗಲಿಲ್ಲ. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದವನು ಆಗಲೇ ನನ್ನ ಹಿಂದೆ ನಿಂತಿದ್ದ. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಮೊಣಕಾಲೂರಿ, ಆ ಮುಚ್ಚಳವನ್ನು ಎರಡೂ ಕೈಯಿಂದ ಹಿಡಿದ. ಬಾಲು ತಬ್ಬಿಕೊಳ್ಳುವಂತೆಯೇ.

"ಗಾಳಿ ಸರಿಯಾಗೈತಾ?" ಎಂದು ಮೆಲ್ಲಗೆ ಕೇಳಿದೆ.

"ಈಗ ಸರಿಯಾಯ್ತು," ಅಂದ.

ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದರು. "ಪಂಪು ಇದೇನಾ?" ಎಂದು ಕೆಮ್ಮಿದರು. ಆಮೇಲೆ ಸಿದ್ದಗಂಗಮ್ಮನವರಿಗೆ ಕೈ ಮುಗಿದರು.

*

ಕಾರ್ಖಾನೆ ಟೀಮು ಮುಂದಿನ ವರ್ಷ ಸ್ಟೇಟ್ ಆಡಿತು. ಗುಬ್ಬಿ ಮತ್ತೆ ಕೊನೆಯ ಪಂದ್ಯದಲ್ಲಿ ಕೈಕೊಟ್ಟಿತು. ತುಮಕೂರಿಗೆ ಬಂದು ಸಂಸಾರ ಹೂಡಿದ ಮೇಲೆ ಅಕ್ಷರ ಕಲಿಯಲು ನಾನು ರಾತ್ರಿ ಶಾಲೆಗೆ ಸೇರಿದೆ. ಪೇಪರಿನ ಆಟದ ಪುಟವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವುದು ಸಾಕಾಗಿತ್ತು. ಮೊದಲು ಕೂಡಿಸಿ ಓದಿದ ಹೆಸರು ಯಜಮಾನರದು, ಸ್ಕೋರಿನ ಪಕ್ಕದಲ್ಲಿ.

ತುಮಕೂರಿನ ಸದಾಶಿವನಗರದ ಈ ಮನೆಯ ಜಗಲಿಯಲ್ಲಿ ಭಾನುವಾರ ಊಟವಾದ ಮೇಲೆ ಅವರು ಈಗಲೂ ಕೇಳುತ್ತಾರೆ.

"ಮಹಾಲಿಂಗಯ್ಯನ್ನ ಕೊಟ್ಟು ನನ್ನ ತಂದಿದ್ದು ತಪ್ಪು ಅಂತ್ಲೇ ಅಂತೀಯಾ?"

"ಟೀಮಿಗೆ ತಪ್ಪೇ," ಎನ್ನುತ್ತೇನೆ.

ಆಮೇಲೆ ಡಬ್ಬಿಯ ಮುಚ್ಚಳದಿಂದ ಒಂದು ಎಲೆ ಎತ್ತಿ, ಸುಣ್ಣ ಹಚ್ಚಿ, ಮಡಿಸಿ ಅವರ ಕೈಗೆ ಕೊಡುತ್ತೇನೆ.