ಪೂರಕ ಮತ್ತು ಹದಿಮೂರರ ಮಗ್ಗಿ

ಹರಿದ ಮದುವೆ ಫೋಟೋವನ್ನು ಮುಂದಿಟ್ಟ ಕೂಡಲೇ ‘ಪೂರಕ’ ತನ್ನ ಕೆಲಸ ಮುಗಿಸಿತು. ಇಲಿ ತಿಂದಿದ್ದ ಮಾವನ ಎಡಗೈ ಮರಳಿ ಬಂತು. ಗಡಿಯಾರ ಕಟ್ಟಿಕೊಂಡೇ ಬಂತು. ಮಾವ ಜನ್ಮದಲ್ಲಿ ಗಡಿಯಾರ ಕಟ್ಟಿದವರಲ್ಲ. ಆದರೂ ಕಸ್ತೂರಿ ಹಿಗ್ಗಿದಳು.

ಆ ಕಾಲಕ್ಕೆ ಬಾಗಲಕೋಟೆಯ ಮನೆಮನೆಯಲ್ಲೂ ಪೂರಕವೆಂಬ ಈ ತಂತ್ರಾಂಶವಿತ್ತು. ಅರ್ಧಕ್ಕೆ ನಿಂತ ಕಡತ ಕಂಡರೆ ಸಾಕು, ಚಿತ್ರವಿರಲಿ, ಧ್ವನಿಯಿರಲಿ, ಮನೆಯ ಉಳಿದ ದಾಖಲೆಗಳನ್ನೆಲ್ಲ ಜಾಲಾಡಿ, ಮುಂದೆ ಏನಿರಬೇಕಿತ್ತೆಂದು ಲೆಕ್ಕ ಹಾಕಿ ಅದು ತುಂಬಿಬಿಡುತ್ತಿತ್ತು. ಅದರ ಕೈಗೆ ಸಿಗದೆ ಉಳಿದದ್ದು ಕಸ್ತೂರಿಯ ಗಂಡ, ಹಲ್ಲಿನ ಡಾಕ್ಟರ್ ಗುರುಪಾದಪ್ಪ ಹಂಚಿನಾಳರ ಹವ್ಯಾಸದ ಹಳೆಯ ಕಂಪ್ಯೂಟರ್ ಒಂದೇ. ಮಹಡಿಯ ಕೋಣೆಯಲ್ಲಿ ಅದನ್ನು ಯಾವ ಜಾಲಕ್ಕೂ ಮುಟ್ಟಿಸದೆ ಅವರು ಮಡಿಯಲ್ಲಿ ಇಟ್ಟಿದ್ದರು. ಕಾರಣವಿತ್ತು. ಏಳನೆಯ ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡ ಮಗಳು ಶಾಲ್ಮಲಿಯ ದನಿ ಇದ್ದದ್ದು ಅದರಲ್ಲೇ. ಹದಿಮೂರರ ಮಗ್ಗಿ ಹೇಳುತ್ತಾ ನಡುವೆ ತಪ್ಪಿ, “ಮರತೇಬಿಟ್ಟೆ ಅಪ್ಪಾ!” ಎಂದು ಕಿಲಕಿಲ ನಗುವ ದನಿ.

ಮೊಣಕಾಲಿನ ಆಪರೇಷನ್ ಆದಮೇಲೆ ಕಸ್ತೂರಿಗೆ ಮಹಡಿ ಹತ್ತಲಾಗಲಿಲ್ಲ. ದನಿಯನ್ನೇ ಕೆಳಗಿಳಿಸಬೇಕಾಯಿತು. ಹಳೆಯ ಯಂತ್ರದಿಂದ ಕೆಳಮನೆಗೆ ಕಡತ ಹಂಚಲು ಯಾವ ಸರ್ವರ್ ತಂತ್ರಾಂಶ ಹಾಕುವುದು? ಹಲ್ಲು ತೋರಿಸಲು ಬಂದ ನಸೀಮಾ ಕಿತ್ತೂರರನ್ನು ಗುರುಪಾದಪ್ಪ ಕೇಳಿದರು. ಪೂರಕವನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಆಕೆಯೂ ಒಬ್ಬರು.

“ಮೂರು ಅದಾವ್ರಿ ಡಾಕ್ಟರ್ರ. ಒಂದು ಗಟ್ಟಿ ಬೀಗದ್ದು. ನಿಮ್ಮ ಮುದಿ ಯಂತ್ರಕ್ಕ ಆ ಬೀಗ ತಗಿಯಾಕ ಬರೂದಿಲ್ಲ. ಇನ್ನೊಂದು ಬರೇ ಓದಾಕ ಬಿಡತೈತಿ, ಬರಿಯಾಕ ಬಿಡೂದಿಲ್ಲ. ಅದನ್ನ ಹಾಕ್ರಿ. ಪ್ರತಿ ಸಲ ಮ್ಯಾಲೆ ಹೋಗಿ ಅಪ್ಪಣೆ ಕೊಡಬೇಕು, ಅಷ್ಟ.”

“ಮೂರನೇದು?”

“ಅದರಾಗ ಎಲ್ಲಾರಿಗೂ ಬಾಗಿಲಾ ತೆರದಿರತೈತಿ. ಯಾರು ಬೇಕಾದ್ರೂ ತಿದ್ದಬಹುದು. ಬ್ಯಾಡ್ರಿ.”

ಗುರುಪಾದಪ್ಪನವರಿಗೂ ಅರವತ್ತು ದಾಟಿತ್ತು. ಕಸ್ತೂರಿ ಕೇಳಿದಾಗಲೆಲ್ಲ ಮಹಡಿ ಹತ್ತುವವರು ಯಾರು? ನಮ್ಮ ಮನೆಯೊಳಗೆ ನಮಗೇನು ಬೀಗ ಎಂದುಕೊಂಡು ಮೂರನೆಯದನ್ನೇ ಹಾಕಿದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಕಸ್ತೂರಿಯ ಹಾಸಿಗೆ ಪಕ್ಕದ ಸ್ಪೀಕರಿನಲ್ಲಿ ಶಾಲ್ಮಲಿ ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಮುಗಿಸಿದಳು. ನಗಲಿಲ್ಲ. ಗುರುಪಾದಪ್ಪ ಮೇಲೆ ಓಡಿ ನೋಡಿದರೆ ಮೂಲ ಕಡತವೇ ಬದಲಾಗಿತ್ತು. ಅದರ ಪಕ್ಕದಲ್ಲಿ ಹೊಸದೊಂದು ಕಡತ: ಎಂಟು ವರ್ಷದ ಶಾಲ್ಮಲಿ. ಮಗ್ಗಿಯಷ್ಟೇ ಅಲ್ಲ, ಮಗಳೂ ಅರ್ಧಕ್ಕೆ ನಿಂತವಳೆಂದು ಪೂರಕ ತಿಳಿದಿತ್ತು.

ದಿನಕ್ಕೊಂದು ವರ್ಷದಂತೆ ಅವಳು ಬೆಳೆದಳು. ಶಾಲೆ ಮುಗಿಯಿತು, ಕಾಲೇಜಿನ ಸುದ್ದಿ ಬಂತು, ಅವ್ವನ ಮೇಲೆ ಸಿಟ್ಟೂ ಬಂತು. ಗುರುಪಾದಪ್ಪ ತಂತಿ ಕೀಳಲು ಹೋದಾಗಲೆಲ್ಲ ಕಸ್ತೂರಿ ಅತ್ತಳು.

“ಒಮ್ಮೆ ಕಳಕೊಂಡೀವ್ರಿ. ಮತ್ತ ನಿಮ್ಮ ಕೈಯಾರೆ ಕಳೀಬ್ಯಾಡ್ರಿ.”

ಅವರಿಗೆ ಮಾತ್ರ ಆ ಸ್ಪೀಕರಿನ ಮುಂದೆ ಕೂರಲು ಭಯವಾಗುತ್ತಿತ್ತು. ಬದುಕಿದ್ದರೆ ಶಾಲ್ಮಲಿಗೆ ಈಗ ಎಷ್ಟಾಗುತ್ತಿತ್ತೋ ಆ ವಯಸ್ಸನ್ನು ದನಿ ಒಂದು ದಿನ ಮುಟ್ಟಿಯೇ ಬಿಟ್ಟಿತು. ಮಾರನೆಯ ದಿನದ ಕಡತ ಇನ್ನೂ ಬಾರದ ವರ್ಷದ್ದು.

“ಅಪ್ಪಾ,” ಎಂದಿತು ದನಿ, “ಅವ್ವ ಹೋದಾಗಿಂದ ನೀ ಸರಿಯಾಗಿ ಉಣವಲ್ಲಿ. ಇವತ್ತರ ಎರಡು ತುತ್ತು ತಿನ್ನು.”

ಗುರುಪಾದಪ್ಪ ನಸೀಮಾಗೆ ಫೋನ್ ಮಾಡಿದರು.

“ದವಾಖಾನಿ ರಿಪೋರ್ಟನೂ ಅದು ಓದಿರತೈತ್ರಿ. ಕಸ್ತೂರಿ ಅಕ್ಕಾರ ರಕ್ತದಾಗ ಏನೋ ಕಂಡಿರಬೇಕು. ಇವತ್ತ ಕರಕೊಂಡು ಹೋಗಿ ತೋರಸ್ರಿ. ಅದರ ಊಹೆ ಸುಳ್ಳಾಗೂದೂ ಐತಿ.”

ಮಾವನ ಕೈಗಡಿಯಾರ ನೆನಪಾಯಿತು. ಅದೂ ಸುಳ್ಳೇ ತಾನೆ? ಅಷ್ಟನ್ನೇ ನೆಚ್ಚಿಕೊಂಡು ಅವರು ತಂತಿಗೆ ಕೈ ಹಾಕಿದರು.

ಕಸ್ತೂರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈ ಸಲ ಅಳಲಿಲ್ಲ. ಗಂಡನ ಮುಂಗೈ ಹಿಡಿದುಕೊಂಡಳು.

“ದವಾಖಾನಿಗೆ ಬರ್ತೀನ್ರಿ. ಆದ್ರ ಇದನ್ನ ಕೀಳಬ್ಯಾಡ್ರಿ,” ಎಂದಳು. “ನಾ ಇಲ್ಲದಾಗ ನಿಮ್ಮನ್ನ ಹೆಂಗ ನೋಡ್ಕೋತಾಳೋ, ನಾಳೆ ಒಂದು ದಿನ ಕೇಳ್ತೀನಿ.”