ಲೇಡಿ ಹೆಸ್ಟರ್ ಭಾವಚಿತ್ರದ ಕಳವು

ಭಾನುವಾರ ಸಂಜೆ ಆರಕ್ಕೆ ಠಾಣೆಗೆ ಫೋನು ಬಂತು. ಹಾರ್ಲೋ ಕೋರ್ಟ್ ಬಂಗಲೆಯ ಒಡೆಯ ಲಾರ್ಡ್ ಆಲ್ಡ್‌ವಿಕ್‌ನ ದೂರು. ಆತನ ಸೋದರತ್ತೆ ಲೇಡಿ ಹೆಸ್ಟರ್ ಹರೆಯದಲ್ಲಿದ್ದಾಗ ಬರೆಸಿದ್ದ ಆಕೆಯದೇ ತೈಲವರ್ಣದ ಭಾವಚಿತ್ರ ಕಳುವಾಗಿತ್ತು. ಅದನ್ನು ಕೊಂಡವರು ಮರುದಿನವೇ ಲಂಡನ್ನಿನಿಂದ ಬಂದು ಒಯ್ಯುವವರಿದ್ದರು. ದೂರು ದಾಖಲಿಸಿಕೊಂಡು ಇನ್ಸ್‌ಪೆಕ್ಟರ್ ಗಾರ್ಬಟ್, ಪ್ಯೂ ಎಂಬ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಹೊರಟ.

ಮಧ್ಯಾಹ್ನ ಬಂಗಲೆಯ ಹುಲ್ಲುಹಾಸಿನ ಮೇಲೆ ಚರ್ಚಿನ ಸಹಾಯಾರ್ಥ ಚಹಾಕೂಟವಿತ್ತು. ಊರಿಗೆ ಊರೇ ಅಲ್ಲಿತ್ತು. ಮಾಳಿಗೆ ಸೋರುತ್ತಿದ್ದರೂ ಕೇಕು ಬಂದದ್ದು ಬೆಳ್ಳಿ ತಟ್ಟೆಯಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಇನ್ನೇನು!

ಮಹಡಿಯ ಚಿತ್ರಶಾಲೆಯಲ್ಲಿ ಪಂಚನಾಮೆ ಶುರುವಾಯಿತು. ಚಿನ್ನದ ಬಣ್ಣದ ಚೌಕಟ್ಟು ಗೋಡೆಗೆ ಒರಗಿತ್ತು, ಒಳಗೆ ಚಿತ್ರವಿರಲಿಲ್ಲ. ಪಡುವಣ ಕಿಟಕಿಗಳ ಬಾಗಿಲು ಮುಚ್ಚಿದ್ದವು.

"ಮಧ್ಯಾಹ್ನ ನಾನೇ ಎಲ್ಲಾ ಕಿಟಕಿ ತೆಗೆದಿದ್ದೆ, ಮುಚ್ಚಿದ್ದು ನಾನಲ್ಲ," ಎಂದಳು ಮನೆಯ ಮೇಲ್ವಿಚಾರಕಿ ಮಿಸೆಸ್ ಸ್ಪೀಕ್. "ಜನ ಚಿತ್ರ ನೋಡೋಕೆ ಬರ್ತಾರೆ ಅಂತ. ಕೇಕ್ ಬಿಟ್ಟು ಯಾರು ಬರ್ತಾರೆ?"

"ಯಾರಿಗೂ ಕಾಣಬಾರ್ದು ಅಂತ ಕಳ್ಳ ಮುಚ್ಚಿದಾನೆ ಸಾರ್," ಎಂದ ಪ್ಯೂ.

"ಜನ ಇದ್ದದ್ದು ಮೂಡಣ ಕಡೆ. ಆ ಕಿಟಕಿ ತೆರೆದೇ ಇದೆಯಲ್ಲಪ್ಪಾ. ಪಡುವಣಕ್ಕೆ ಬರೀ ಕಾಡು. ನೋಡಿದ್ರೆ ಮೊಲ ನೋಡ್ಬೇಕು." ಗಾರ್ಬಟ್ ಮಿಸೆಸ್ ಸ್ಪೀಕ್ ಕಡೆ ತಿರುಗಿದ. "ಈ ಕಿಟಕಿ ಯಾವಾಗ ಮುಚ್ಚೋದು?"

"ಸೂರ್ಯ ಪಡುವಣಕ್ಕೆ ಇಳಿದಾಗ. ಬಿಸಿಲು ಬಿದ್ರೆ ಚಿತ್ರದ ಬಣ್ಣ ಕೆಡುತ್ತೆ ಅಂತ. ಈಗಿನವರ ತಾತ, ದೊಡ್ಡ ಲಾರ್ಡು, ಮಕ್ಕಳಿಗೆ ಬಾರುಕೋಲಲ್ಲಿ ಹೊಡೆದು ಕಲಿಸಿದ್ರು."

"ಈಗಿನ ಲಾರ್ಡು?"

"ಅವರಾ? ಲಂಡನ್ನಲ್ಲಿ ಬೆಳೆದವರು. ಕಿಟಕಿ ಎಲ್ಲಿದೆ ಅಂತಾನೂ ಗೊತ್ತಿಲ್ಲ."

"ದೊಡ್ಡ ಲಾರ್ಡಿನ ಮಕ್ಕಳಲ್ಲಿ ಈಗ ಯಾರಿದಾರೆ?"

ಮಿಸೆಸ್ ಸ್ಪೀಕ್ ನಾಲಿಗೆ ಕಚ್ಚಿಕೊಂಡಳು. ಉಳಿದಿದ್ದವಳು ಒಬ್ಬಳೇ, ಹೆಬ್ಬಾಗಿಲ ಪಕ್ಕದ ಕಾವಲು ಮನೆಯಲ್ಲಿ.

ಲೇಡಿ ಹೆಸ್ಟರ್ ಬಾಗಿಲು ತೆರೆದೇ ಕೂತಿದ್ದಳು. ಎಂಬತ್ತೊಂದು ವಯಸ್ಸು. ಅಡುಗೆಮನೆಯ ಒಲೆಯ ಮೇಲಿನ ಹಲಗೆಯಲ್ಲಿ ಚಿತ್ರವಿತ್ತು: ಕುದುರೆ ಸವಾರಿಯ ಉಡುಪಿನ ಹುಡುಗಿ, ಗದ್ದ ಮೇಲೆತ್ತಿ ನೋಡುತ್ತಿದ್ದಳು.

"ಬನ್ನಿ. ತಡ ಮಾಡಿದ್ರಿ, ಚಹಾ ಆರಿ ಹೋಯ್ತು."

"ಇದನ್ನ ಹೇಗೆ ತಂದ್ರಿ ಮೇಡಂ?"

"ಅದಕ್ಕೆ ಮೇಜಿನ ಬಟ್ಟೆ ಸುತ್ತಿ ಎಲ್ಲರ ಮುಂದೇನೇ ತಂದೆ. ತೋಟದ ಗೇಟು ತೆಗೆದುಕೊಟ್ಟವನೇ ನನ್ನ ತಮ್ಮನ ಮಗ."

ಪ್ಯೂಗೆ ನಗು ತಡೆಯಲಾಗಲಿಲ್ಲ. ಗಾರ್ಬಟ್ ಅವನನ್ನು ದುರುಗುಟ್ಟಿ ನೋಡಿದ.

"ಚೌಕಟ್ಟು ಯಾಕೆ ಬಿಟ್ರಿ?"

"ಅದು ಅವರ ಮನೇದು. ಮೂತಿ ನಂದು." ಆಕೆಯ ದನಿ ಏರಿತು. "ಹಿರಿಮಗಳು ನಾನು. ಅಪ್ಪ ಸತ್ತಾಗ ಮನೆ, ಹೊಲ ಎಲ್ಲಾ ತಮ್ಮನಿಗೆ ಹೋಯ್ತು, ಗಂಡು ಅಂತ. ಅವನು ಕುಡಿದು ಬಿದ್ದಿದ್ರೆ ಬೇಸಾಯ ನಡೆಸಿದವಳು ನಾನು. ಈಗ ಇವನು ನನ್ನ ಮುಖಾನೂ ಮಾರ್ತಾನಂತೆ. ಒಂದು ಮಾತು ಕೇಳಿದ್ನಾ?"

ಅಷ್ಟರಲ್ಲಿ ಲಾರ್ಡ್ ಆಲ್ಡ್‌ವಿಕ್ ಏದುಸಿರು ಬಿಡುತ್ತ ಬಂದ. "ಅತ್ತೆ, ಊರೆಲ್ಲ ನಗುತ್ತೆ. ತಪ್ಪಾಯ್ತು ಅನ್ನಿ ಸಾಕು, ದೂರು ವಾಪಸ್ ತಗೋತೀನಿ."

"ಅನ್ನಲ್ಲ."

"ಮೇಡಂ, ಒಂದು ಮಾತು ಅಂದುಬಿಡಿ," ಎಂದ ಗಾರ್ಬಟ್. ಈ ಮುದುಕಿಯನ್ನು ಬಂಧಿಸಲು ಅವನಿಗೆ ಖಂಡಿತ ಮನಸ್ಸಿರಲಿಲ್ಲ.

"ಬಂಧಿಸಿದ್ರೆ ಕೋರ್ಟಿಗೆ ಕರ್ಕೊಂಡು ಹೋಗ್ತೀರಿ ತಾನೆ? ಅಲ್ಲಿ ಯಾಕೆ ಕದ್ದೆ ಅಂತ ಕೇಳ್ತಾರಾ?"

"ಕೇಳ್ತಾರೆ."

ಲೇಡಿ ಹೆಸ್ಟರ್ ಎದ್ದು ಕೋಟು ಹಾಕಿಕೊಂಡಳು, ಟೋಪಿ ಇಟ್ಟುಕೊಂಡಳು.

"ಮತ್ತೆ ನಡೀರಿ. ಎಂಬತ್ತೊಂದು ವರ್ಷದಲ್ಲಿ ನಿನ್ನ ಮಾತೇನು ಅಂತ ನನ್ನನ್ನ ಕೇಳೋರು ಅವರೇ ಮೊದಲು."