ಅಬ್ದೀನ್ ಗಲ್ಲಿಯ ಹುಡುಗಿಯ ಮುಖ

"ಯಾರಿವಳು?"

ನಬ್ರಾ ಮುಖಪುಟದ ಅಚ್ಚನ್ನು ಮೇಜಿಗೆ ಬಡಿದ ರಭಸಕ್ಕೆ ಹೈಸಮ್‌ನ ಕುಂಚಗಳಿದ್ದ ಲೋಟ ಉರುಳಿತು. ಬಣ್ಣದ ನೀರೆಲ್ಲ ಅವನ ಷರ್ಟಿಗೆ.

"ನಿಮ್ಮ ಕಾದಂಬರಿ ನಾಯಕಿ, ಮೇಡಂ," ಎಂದ ಅವನು, ಒರೆಸಿಕೊಳ್ಳುತ್ತ.

"ನನ್ನ ನಾಯಕಿ ಕೈರೋದ ಅಬ್ದೀನ್ ಗಲ್ಲಿಯಲ್ಲಿ ಹುಟ್ಟಿದೋಳು. ಇವಳು ಶಾಂಪೂ ಜಾಹೀರಾತಲ್ಲಿ ಹುಟ್ಟಿದ ಹಾಗಿದಾಳೆ! ಹಾಲಿನ ಬಣ್ಣ, ಹಸಿರು ಕಣ್ಣು... ಆಶ್ರಿ ನೈಲ್ ದಡದ ನೂಬಿಯಾ ಮೂಲದ ಹುಡುಗಿ, ಉಸ್ತಾದ್. ನನ್ನಷ್ಟೇ ಕಪ್ಪು. ಮೊದಲನೇ ಪುಟದಲ್ಲೇ ಬರೆದಿದೀನಿ. ಓದಿದೀರಾ?"

"ಪ್ರಕಾಶಕರು ಎರಡು ಸಾಲು ಕಳಿಸ್ತಾರೆ, ನಾನು ಬಿಡಿಸ್ತೀನಿ," ಎಂದು ತಡವರಿಸಿದ. "ಅಷ್ಟಕ್ಕೂ ಹುಡುಗರು ಓದೋ ಜಿನ್ನಿನ ಕಥೆ ತಾನೆ?"

ಆ 'ತಾನೆ' ಅವಳ ಮೈಯೆಲ್ಲ ಉರಿಸಿತು. ಅವಳ ಅಜ್ಜಿಯ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿದ್ದು ಕಥೆಯಲ್ಲ. ಆದರೆ ಊರಿನವರ ಜೊತೆ ನದಿಯೊಳಗಿನ ಜಿನ್ನುಗಳ ಜನವೂ ಮನೆ ಕಳೆದುಕೊಂಡು, ಕೈರೋಗೆ ಬಂದು, ನಲ್ಲಿಯ ಪೈಪುಗಳಲ್ಲಿ ಬಿಡಾರ ಹೂಡಿತು, ಹದಿನಾರರ ಆಶ್ರಿಯೊಬ್ಬಳಿಗೇ ಅವರ ಮಾತು ಕೇಳಿಸಿತು ಎಂಬುದು ನಬ್ರಾಳ ಕಥೆ. ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವ ಮುಂಚೆ, ಬೆಳಿಗ್ಗೆ ಬೆಳಿಗ್ಗೆ ಎದ್ದು ಬರೆದದ್ದು.

ಹಸ್ತಪ್ರತಿಯನ್ನು ಅವನ ಒದ್ದೆ ಮೇಜಿನ ಮೇಲೇ ಎಸೆದಳು. "ಮೊದಲು ಓದಿ. ಆಮೇಲೆ ಹೀಗಳೆಯಿರಿ."

ವಾರ ಕಳೆಯುವ ಮೊದಲೇ ಫೋನ್ ಬಂತು.

"ಆಶ್ರಿಯ ತಮ್ಮನ್ನ ಯಾಕ್ರೀ ಸಾಯಿಸಿದ್ರಿ?"

"ಯಾರು ಮಾತಾಡ್ತಿರೋದು?"

"ಹೈಸಮ್. ಎಂಥ ಕಲ್ಲೆದೆ ನಿಮ್ಮದು!"

ನಬ್ರಾ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆ ಸಂಜೆ ಗಲ್ಲಿಯ ಚಹಾದಂಗಡಿಯಲ್ಲಿ ಅವನು ಪುದೀನಾ ಎಲೆಯನ್ನು ಲೋಟದಲ್ಲಿ ಸುಮ್ಮನೆ ತಿರುಗಿಸುತ್ತ ಕೂತ. "ಚಿಕ್ಕೋನಿದ್ದಾಗ ಓದಿದ ಮಾಯಾಕಥೆ ಎಲ್ಲಾ ಲಂಡನ್ನಲ್ಲೇ ನಡೀತಿತ್ತು. ನಿಮ್ಮದನ್ನ ಓದಿದ ಮೇಲೆ ನಮ್ಮ ಮನೆ ಪೈಪಿಗೇ ಕಿವಿ ಇಟ್ಟೆ. ಪಕ್ಕದ ಮನೆ ಹಾಜಾ ಅಜ್ಜಿ ನೋಡಿ, 'ಪಾಪ, ಮದುವೆ ಮಾಡಬೇಕಿತ್ತು ಇವನಿಗೆ' ಅಂದ್ರು."

"ಅದಕ್ಕೇ ಬರೆಯೋದು," ಎಂದಳು ಅವಳು. "ಮೆಟ್ರೋದಲ್ಲಿ ಇದನ್ನ ಓದ್ತಿರೋ ಹುಡುಗಿ ತಲೆ ಎತ್ತಿದಾಗ, ಎದುರು ಕೂತೋರು ಮನುಷ್ಯರೇ ಹೌದಾ ಅಂತ ಅನುಮಾನ ಬರಬೇಕು. ಕಿಟಕಿ ಗಾಜಲ್ಲಿ ತನ್ನ ಮುಖ ಕಂಡಾಗ, ಆಶ್ರಿ ನಾನೇ ಅನ್ನಿಸಬೇಕು. ಹಸಿರು ಕಣ್ಣು ನೋಡಿ ಹೇಗೆ ಅನ್ನಿಸುತ್ತೆ?"

ಅವನು ಚೀಲದಿಂದ ಹಾಳೆಯೊಂದನ್ನು ತೆಗೆದ. ಮೆಟ್ರೋ ಮೆಟ್ಟಿಲ ಮೇಲೆ ಕಪ್ಪು ಹುಡುಗಿ, ಒದ್ದೆಯಾದ ಲಂಗದಂಚು, ಹೊತ್ತಿಕೊಂಡಂಥ ಕಣ್ಣು. ನಬ್ರಾ ಹಾಳೆಯನ್ನು ದೀಪದತ್ತ ಹಿಡಿದಳು.

"ಈ ಮೂಗು ನನ್ನದು."

"ಹೌದು."

"ನನ್ನ ಕೇಳಿದ್ರಾ?"

"ಧೈರ್ಯ ಬರಲಿಲ್ಲ. ಸಿಟ್ಟು ಬಂದಾಗ ಅದರ ತುದಿ ನಡುಗುತ್ತೆ. ಮರೆಯೋಕೂ ಆಗಲಿಲ್ಲ."

ಅವಳು ನೋಟ ತಪ್ಪಿಸಿದಳು. ಕಿವಿ ಬಿಸಿಯಾಗಿತ್ತು.

ಮರುದಿನ ಮಹಡಿಯ ಕಚೇರಿಯಲ್ಲಿ ಪ್ರಕಾಶಕ ಫಿಕ್ರಿ ಮಾತ್ರ ಚಿತ್ರವನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿದ. "ಚೆನ್ನಾಗಿದೆ ಮಗಳೇ. ಆದರೆ ಇಷ್ಟು ಕಪ್ಪು ಹುಡುಗಿ ಮುಖಪುಟದ ಮೇಲಿದ್ರೆ ಯಾರು ಕೊಳ್ತಾರೆ? ಮೊದಲಿನದೇ ಇರಲಿ. ಏನಂತೀಯ ಹೈಸಮ್?"

ನಬ್ರಾ ಹೈಸಮ್‌ನತ್ತ ನೋಡಿದಳು. ಹೈಸಮ್ ತನ್ನ ಚಪ್ಪಲಿ ನೋಡುತ್ತಿದ್ದ.

ಅವಳು ಹಸ್ತಪ್ರತಿ ಎತ್ತಿಕೊಂಡು ಹೊರಟುಬಿಟ್ಟಳು. ಬೀದಿಗಿಳಿಯುವಷ್ಟರಲ್ಲಿ ಅವನು ಓಡಿಬಂದ.

"ನಬ್ರಾ! ನಾನು ಮಾತಾಡಬೇಕಿತ್ತು. ಅವನು ಹೇಳಿದ್ದು ತಪ್ಪು, ಅನ್ಯಾಯ..."

"ಇಲ್ಲಿ ಯಾಕೆ ಹೇಳ್ತೀರಿ? ನನಗೆ ಗೊತ್ತಿಲ್ವಾ ಅದು?" ಅವಳ ದನಿಗೆ ಜ್ಯೂಸ್ ಅಂಗಡಿಯವನೂ ತಿರುಗಿದ. "ಈ ಮಾತು ಮಹಡಿಯಲ್ಲಿ ಬೇಕಿತ್ತು, ಅವನ ಎದುರಿಗೆ. ನನ್ನ ಮೂಗು ಬಿಡಿಸೋಕೆ ಬರುತ್ತೆ. ಆ ಮೂಗಿಗಾದ ಅವಮಾನಕ್ಕೆ ಬಾಯಿ ಬಿಡೋಕೆ ಬರಲ್ಲ!"

ಅವನ ಮುಖ ಬಿಳಿಚಿತು. ತಿರುಗಿ ಮೆಟ್ಟಿಲು ಹತ್ತಿದ.

ಹೋಗಬೇಕೆಂದುಕೊಂಡಳು. ಕಾಲು ಏಳಲಿಲ್ಲ. ಮೇಲಿನ ತೆರೆದ ಕಿಟಕಿಯಿಂದ ಅವನ ದನಿ ಕೇಳಿಸಿತು. ವೀರಾವೇಶವೇನೂ ಇರಲಿಲ್ಲ, ತೊದಲುತ್ತಿದ್ದ. "ಆ... ಆ ಬಿಳಿ ಹುಡುಗಿ ನನ್ನ ಚಿತ್ರ. ಕೊಡಲ್ಲ. ಮುಂದೆ ಇಂಥದ್ದು ಯಾವುದನ್ನೂ ಬಿಡಿಸಲ್ಲ. ಕಪ್ಪು ಹುಡುಗಿಯರೂ ನಿಮ್ಮ ಪುಸ್ತಕ ಕೊಳ್ತಾರೆ ಉಸ್ತಾದ್, ನಾಚಿಕೆ ಆಗಬೇಕು ನಿಮಗೆ!" ಫಿಕ್ರಿ ಏನೋ ಗುಡುಗಿದ. ಬಾಗಿಲು ಧಡಾರೆಂದು ಮುಚ್ಚಿಕೊಂಡಿತು.

ಹೈಸಮ್ ಎರಡೂ ಚಿತ್ರಗಳನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದ.

"ಕೆಲಸ ಹೋಯ್ತು," ಎಂದ.

"ನನ್ನ ಪುಸ್ತಕನೂ ಹೋಯ್ತು."

"ಬೇರೆ ಪ್ರಕಾಶಕರು ಇದಾರೆ. ಇಬ್ಬರೂ ಹೋಗಿ ಕೇಳೋಣ." ಅವಳ ಪಕ್ಕದಲ್ಲೇ ನಡೆದ. "ಕೋಪ ಇನ್ನೂ ಇದೆಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

"ಬಹಳ ದಿನ."

"ಅಷ್ಟು ದಿನ ನಾನು ಜೊತೆಗಿರಬಹುದಾ?"

ನಬ್ರಾ ನಿಂತಳು. ಅವನ ಕಾಲರಿನಲ್ಲಿ ಹಸಿರು ಬಣ್ಣದ ಕಲೆಯೊಂದು ಒಣಗಿತ್ತು. ಹೆಬ್ಬೆರಳಿನಿಂದ ಅದನ್ನು ಕೆರೆದು ತೆಗೆದಳು, ಬೇಕೆಂದೇ ಸ್ವಲ್ಪ ಜೋರಾಗಿ.

"ಅಷ್ಟು ದಿನ ಸಾಲಲ್ಲ ಕಣೋ ನಿನಗೆ," ಎಂದಳು.